ಸವದತ್ತಿ ಬಂಡೆಯ ಫೋಟೋ: ಫೂಟ್ ಸಾಹೇಬರ ಸುತ್ತಿಗೆಯಿಂದ ಕಂಪ್ಯೂಟರ್ ಮಾದರಿಯವರೆಗೆ

ಭೂಗರ್ಭಶಾಸ್ತ್ರದ ಪುಸ್ತಕಗಳಲ್ಲಿ ನಮ್ಮ ಸುತ್ತಲಿನ ಊರುಗಳ ಹೆಸರುಗಳಿವೆ. 'ಸವದತ್ತಿ ಕ್ವಾರ್ಟ್ಜೈಟ್', 'ಮನೋಳಿ ಆರ್ಜಿಲೈಟ್', 'ರಾಮದುರ್ಗ ಫಾರ್ಮೇಶನ್', 'ಯರಗಟ್ಟಿ ಫಾರ್ಮೇಶನ್' ಎಂದು ಅಲ್ಲಿ ಬರೆದಿರುತ್ತಾರೆ. ಮನೋಳಿ ಎಂದರೆ ಬೇರೆ ಯಾವುದೂ ಅಲ್ಲ, ನಮ್ಮ ಮುನವಳ್ಳಿಯೇ. ಬ್ರಿಟಿಷರ ಕಾಲದ ಸ್ಪೆಲ್ಲಿಂಗ್ ಹಾಗೇ ಉಳಿದುಕೊಂಡಿದೆ. ಚಚಡಿಯ ಹೆಸರು ಆ ಪಟ್ಟಿಯಲ್ಲಿ ನನಗೆ ಸಿಕ್ಕಿಲ್ಲ, ಇರಲಿ. ಆದರೆ ನಮ್ಮೂರಿಂದ ಯರಗಟ್ಟಿಗೋ ಎಲ್ಲಮ್ಮನ ಗುಡ್ಡಕ್ಕೋ ಬಸ್ಸು ಹಿಡಿದವರೆಲ್ಲ, ಹೊರದೇಶದ ವಿದ್ಯಾರ್ಥಿಗಳು ಪುಸ್ತಕದಲ್ಲಿ ಓದುವ ಕಲ್ಲುಗಳ ಮೇಲೆಯೇ ಓಡಾಡಿದ್ದೇವೆ. ಎಂಟು, ಒಂಬತ್ತು, ಹತ್ತನೆಯ ಇಯತ್ತೆ ಮೂರೂ ವರ್ಷ ಈ ಶಾಲೆಯಲ್ಲಿ ಕಲಿತ ನನಗೆ ಈ ಸಂಗತಿ ತಿಳಿದದ್ದು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಗಣಿ ಕೆಲಸದವರು ಬಳಸುವ ಮೂರು ಆಯಾಮದ ಭೂಗರ್ಭ ಮಾದರಿಯ ಸಾಫ್ಟ್‌ವೇರ್ ನನ್ನ ಪಾಲಿಗೆ ಬಂತು. ಅದರೊಳಗೆ ಬಂಡೆಯ ಫೋಟೋಗಳನ್ನು ಹೇಗೆ ಕೂರಿಸುವುದು ಎಂಬ ಕೆಲಸ ಮಾಡುತ್ತಿರುವಾಗ, ಪರೀಕ್ಷೆಗೆಂದು ಯಾವುದಾದರೂ ಬಂಡೆ ಬೇಕಿತ್ತು. ಊರ ಕಡೆಯದೇ ನೆನಪಾಯಿತು.

ಸುವರ್ಣ ಮಹೋತ್ಸವದ ಸಂಪುಟಕ್ಕೆ ಏನಾದರೂ ಬರೆಯಿರಿ ಎಂದು ಗುರುಗಳು ಫೋನ್ ಮಾಡಿದಾಗ ನಾನು ಒಪ್ಪಿಕೊಂಡದ್ದಕ್ಕೆ ಒಂದು ಸ್ವಾರ್ಥವೂ ಇದೆ. ಅದನ್ನು ಕಡೆಗೆ ಹೇಳುತ್ತೇನೆ. ಮೊದಲು ಇತಿಹಾಸ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಶುರುವಾದದ್ದು 1851ರಲ್ಲಿ. ಏಳು ವರ್ಷದ ನಂತರ, 1858ರಲ್ಲಿ, ರಾಬರ್ಟ್ ಬ್ರೂಸ್ ಫೂಟ್ ಎಂಬ 24 ವರ್ಷದ ಇಂಗ್ಲಿಷ್ ಯುವಕ ಅದಕ್ಕೆ ಸೇರಿದ. ಈತನ ಹೆಸರನ್ನು ಸಮಾಜ ವಿಜ್ಞಾನದ ಪುಸ್ತಕದಲ್ಲಿ ಕೆಲವರು ಓದಿರಬಹುದು. 1863ರಲ್ಲಿ ಮದರಾಸಿನ ಹತ್ತಿರ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧ ಹುಡುಕಿ, ಭಾರತದ ಇತಿಹಾಸಪೂರ್ವ ಅಧ್ಯಯನಕ್ಕೆ ಬಾಗಿಲು ತೆಗೆದವರು ಇವರೇ. ಆದರೆ ಅವರ ಸಂಬಳದ ಕೆಲಸ ಕಲ್ಲುಗಳ ನಕ್ಷೆ ಮಾಡುವುದಾಗಿತ್ತು. ಆಗ 'ದಕ್ಷಿಣ ಮರಾಠಾ ಪ್ರದೇಶ' ಎಂದು ಕರೆಯುತ್ತಿದ್ದ ನಮ್ಮ ಬೆಳಗಾವಿ, ಧಾರವಾಡ, ಕಲಾದಗಿ ಭಾಗವನ್ನೆಲ್ಲ ಸುತ್ತಿ ಅವರು ಬರೆದ ದೊಡ್ಡ ವರದಿ 1876ರಲ್ಲಿ ಇಲಾಖೆಯ 12ನೆಯ ಸಂಪುಟವಾಗಿ ಅಚ್ಚಾಯಿತು. ಇಲ್ಲಿನ ಪದರುಗಲ್ಲುಗಳಿಗೆ 'ಕಲಾದಗಿ ಶ್ರೇಣಿ' ಎಂಬ ಹೆಸರು ನಿಂತದ್ದು ಅದರಿಂದ. ಮಲಪ್ರಭೆ, ಘಟಪ್ರಭೆಯ ದಂಡೆಗಳಲ್ಲಿ ಸಿಕ್ಕ ಶಿಲಾಯುಗದ ಕಲ್ಲುಗಳ ಮಾತೂ ಅವರ ಬರಹದಲ್ಲಿದೆ. 1884ರಲ್ಲಿ ಬಂದ ಬೆಳಗಾವಿ ಜಿಲ್ಲೆಯ ಗ್ಯಾಝೆಟಿಯರ್‌ನಲ್ಲಿ ಕಲ್ಲುಗಳ ಅಧ್ಯಾಯಕ್ಕೆ ಆಧಾರ ಫೂಟ್ ಅವರೇ.

ನಮ್ಮ ಸವದತ್ತಿ ಗುಡ್ಡದ ಕಲ್ಲನ್ನು ನಾವು ಬೆಣಚುಕಲ್ಲು ಎಂದು ಕರೆದುಬಿಡುತ್ತೇವೆ. ಶಾಸ್ತ್ರದ ಪ್ರಕಾರ ಅದು ಕ್ವಾರ್ಟ್ಜೈಟ್. ನೂರು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ಅದರ ತಳದ ಮರಳು ಪದರ ಪದರವಾಗಿ ಕೂತು, ಮೇಲಿನ ಭಾರಕ್ಕೆ ಒತ್ತಿ, ಕಣಕಣ ಬೆಸೆದು ಈ ಗಟ್ಟಿ ಕಲ್ಲಾಯಿತು. ಕೆಲವು ಹಾಸುಗಳ ಮೇಲೆ ನೀರಿನ ಅಲೆ ಮರಳಿನಲ್ಲಿ ಮೂಡಿಸಿದ ಗೀರುಗಳು ಈಗಲೂ ಇವೆ. ಕೈಯಾಡಿಸಿದರೆ ತಿಳಿಯುತ್ತದೆ. ಆಮೇಲೆ ಭೂಮಿಯೊಳಗಿನ ಒತ್ತಡಕ್ಕೆ ಈ ಪದರಗಳು ಬಾಗಿದವು, ಓರೆಯಾದವು, ಸೀಳಿದವು. ಬಾದಾಮಿಯ ಗುಹೆಗಳಿರುವ ಕೆಂಪು ಕಲ್ಲು ಇದಕ್ಕಿಂತ ಎಷ್ಟೋ ಕಾಲದ ನಂತರದ್ದು. ಅದು ಹೆಚ್ಚು ಕಡಿಮೆ ಅಡ್ಡಕ್ಕೇ ಮಲಗಿದೆ.

ಪದರ ಯಾವ ಕಡೆ, ಎಷ್ಟು ಓರೆಯಾಗಿದೆ ಎಂಬುದೇ ಭೂಗರ್ಭತಜ್ಞನಿಗೆ ಮೊದಲ ಪ್ರಶ್ನೆ. ರೈತರಿಗೆ ಇದು ಹೊಸ ಮಾತಲ್ಲ. ಹೊಲದ ವಾಟ ಯಾವ ಕಡೆಗಿದೆ ಎಂದು ನಾವು ಕೇಳುತ್ತೇವಲ್ಲ, ಅದೇ ಪ್ರಶ್ನೆಯನ್ನು ಅವರು ಕಲ್ಲಿಗೆ ಕೇಳುತ್ತಾರೆ. ವಾಟಕ್ಕೆ ಅವರು 'ಡಿಪ್' ಎನ್ನುತ್ತಾರೆ. ವಾಟಕ್ಕೆ ಅಡ್ಡಲಾಗಿ, ಮಟ್ಟಸವಾಗಿ ಹಾಯುವ ಗೆರೆಯ ದಿಕ್ಕಿಗೆ 'ಸ್ಟ್ರೈಕ್'. ಫೂಟ್ ಅವರ ಕಾಲದಲ್ಲಿ ಇದಕ್ಕೆ ಬೇಕಾದ ಸಾಮಾನು ಎಂದರೆ ದಿಕ್ಸೂಚಿ, ಓರೆ ಅಳೆಯುವ ಮಟ್ಟ, ಸುತ್ತಿಗೆ, ನೋಟ್‌ಬುಕ್ಕು. ಮಳೆಗಾಲ ಮುಗಿದ ಮೇಲೆ ಡೇರೆ ಹೊತ್ತು ಹೊರಟು, ಕಲ್ಲನ್ನು ಮುಟ್ಟಿ, ಒಡೆದು, ಅಳೆದು, ಎದುರಿಗಿನ ಬಂಡೆಯ ರೇಖಾಚಿತ್ರ ಬರೆದುಕೊಳ್ಳುವುದು ಆ ಕಾಲದ ಪದ್ಧತಿ. ಚಿತ್ರ ಬರೆಯಲು ಬಾರದವನು ಒಳ್ಳೆಯ ಸರ್ವೇಯರ್ ಆಗುವುದು ಕಷ್ಟವಿತ್ತು.

ಹಾಗಾದರೆ ಕ್ಯಾಮೆರಾ ಇರಲಿಲ್ಲವೇ? ಇತ್ತು. ಫೂಟ್ ಅವರ ವರದಿಗಿಂತ 20 ವರ್ಷ ಮೊದಲೇ ನಮ್ಮ ಭಾಗಕ್ಕೆ ಬಂದಿತ್ತು. 1855ರಲ್ಲಿ ಮುಂಬಯಿ ಸರಕಾರ ಥಾಮಸ್ ಬಿಗ್ಸ್ ಎಂಬ ಫಿರಂಗಿ ದಳದ ಅಧಿಕಾರಿಯನ್ನು ಫೋಟೋಗ್ರಾಫರ್ ಆಗಿ ನೇಮಿಸಿತು. ವಿಜಾಪುರ, ಬಾದಾಮಿ, ಐಹೊಳೆ ಕಡೆ ಆತ ಫೋಟೋ ತೆಗೆದ. ಅದೇ ವರ್ಷ ಅವನನ್ನು ಸೈನ್ಯಕ್ಕೆ ವಾಪಸು ಕರೆಸಿಕೊಂಡಾಗ ಡಾ. ಪಿಗೌ ಎಂಬ ವೈದ್ಯ ಕೆಲಸ ಮುಂದುವರಿಸಿದ. ಈ ಚಿತ್ರಗಳು 1866ರಲ್ಲಿ ಮೆಡೋಸ್ ಟೇಲರ್ ಮತ್ತು ಫರ್ಗ್ಯೂಸನ್ ಅವರ ಬರಹದೊಂದಿಗೆ, ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ದೊಡ್ಡ ಪುಸ್ತಕವಾಗಿ ಲಂಡನ್ನಿನಲ್ಲಿ ಬಂದವು. ಅವರಿಗೆ ಬೇಕಾಗಿದ್ದದ್ದು ಗುಡಿ. ಹಿಂದಿನ ಬಂಡೆ ಚೌಕಟ್ಟಿನೊಳಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಲ್ಲು ಓದುವವನ ಕೈಯಲ್ಲಿ ಕ್ಯಾಮೆರಾ ಇಲ್ಲ, ಕ್ಯಾಮೆರಾ ಇದ್ದವನಿಗೆ ಕಲ್ಲು ಬೇಕಿಲ್ಲ. ನನಗೆ ಇದು ಬಹಳ ದಿನ ಕಾಡಿದ ಸಂಗತಿ.

ಫೋಟೋದಿಂದ ಅಳತೆ ತೆಗೆಯಬಹುದು ಎಂಬ ವಿಚಾರ ಅದೇ ಕಾಲಕ್ಕೆ ಯುರೋಪಿನಲ್ಲಿ ಹುಟ್ಟುತ್ತಿತ್ತು. ಫ್ರಾನ್ಸಿನ ಸೇನಾಧಿಕಾರಿ ಲೋಸೆದಾ 1850ರ ದಶಕದಲ್ಲಿ ನೆಲದ ಮೇಲಿಂದ ತೆಗೆದ ಚಿತ್ರಗಳಿಂದ ನಕ್ಷೆ ಮಾಡುವ ಪ್ರಯೋಗ ನಡೆಸಿದ. ಇನ್ನೊಬ್ಬ ಜರ್ಮನಿಯ ಆಲ್ಬ್ರೆಕ್ಟ್ ಮೈಡೆನ್‌ಬಾವರ್. 1858ರಲ್ಲಿ, ಅಂದರೆ ಫೂಟ್ ನೌಕರಿಗೆ ಸೇರಿದ ವರ್ಷವೇ, ವೆಟ್ಸ್‌ಲಾರ್ ಎಂಬ ಊರಿನ ದೊಡ್ಡ ಚರ್ಚಿನ ಗೋಡೆ ಅಳೆಯಲು ಮೇಲೆ ಹತ್ತಿದ್ದ ಈ ಯುವಕ ಸ್ವಲ್ಪದರಲ್ಲಿ ಕೆಳಗೆ ಬೀಳುವುದು ತಪ್ಪಿತು. ಹೀಗೆ ಜೀವ ಒತ್ತೆಯಿಟ್ಟು ಅಳೆಯುವ ಬದಲು ಕೆಳಗೆ ನಿಂತು ಫೋಟೋ ತೆಗೆದು ಅದರಿಂದಲೇ ಅಳತೆ ಮಾಡಬಾರದೇಕೆ ಎಂದು ಅವನಿಗೆ ಹೊಳೆಯಿತು. 1867ರಲ್ಲಿ ಈ ವಿದ್ಯೆಗೆ 'ಫೋಟೋಗ್ರಾಮೆಟ್ರಿ' ಎಂಬ ಹೆಸರು ಬಂದದ್ದೂ ಅವನಿಂದಲೇ. 1880ರ ದಶಕದಲ್ಲಿ ಕೆನಡಾದಲ್ಲಿ ದೆವಿಲ್ ಎಂಬ ಸರ್ವೇಯರ್ ಜನರಲ್ ರಾಕಿ ಪರ್ವತಗಳ ನಕ್ಷೆಯನ್ನು ಫೋಟೋಗಳಿಂದಲೇ ಮಾಡಿಸಿದ. 1926ರಲ್ಲಿ ಕೆನೆತ್ ಮೇಸನ್ ಅವರ ತಂಡ ಕಾರಾಕೋರಂ ಆಚೆಯ ಶಾಕ್ಸ್‌ಗಮ್ ಕಣಿವೆಯಲ್ಲಿ ಜೋಡಿಫೋಟೋ ವಿಧಾನ ಬಳಸಿತು.

ಇದರ ಹಿಂದಿನ ಲೆಕ್ಕ ನಮ್ಮ ಶಾಲೆಯ ಗಣಿತದ ಆಚೆಗಿಲ್ಲ. ಬೆರಳನ್ನು ಮೂಗಿನ ಮುಂದೆ ಹಿಡಿದು ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿ. ಬೆರಳು ಹಿಂದಿನ ಗೋಡೆಯ ಮೇಲೆ ಜಿಗಿದಂತೆ ಕಾಣುತ್ತದೆ. ಬೆರಳು ಹತ್ತಿರವಿದ್ದಷ್ಟೂ ಜಿಗಿತ ಹೆಚ್ಚು, ದೂರ ಹೋದಷ್ಟೂ ಕಡಿಮೆ. ಎರಡು ಕಣ್ಣಿನ ಬದಲು ಎರಡು ಕಡೆ ನಿಂತ ಕ್ಯಾಮೆರಾ ಎಂದುಕೊಳ್ಳಿ. ಒಂದೇ ಬಿರುಕಿನ ತುದಿ ಎರಡೂ ಫೋಟೋದಲ್ಲಿ ಎಷ್ಟು ಸರಿದಿದೆ, ಕ್ಯಾಮೆರಾಗಳ ನಡುವಿನ ಅಂತರವೆಷ್ಟು, ಇಷ್ಟು ತಿಳಿದರೆ ಸಮರೂಪ ತ್ರಿಭುಜಗಳಿಂದ ದೂರ ಸಿಗುತ್ತದೆ. ಹತ್ತನೆಯ ತರಗತಿಯಲ್ಲಿ 'ಇದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಸರ್?' ಎಂದು ಕೇಳಿ ಬೈಸಿಕೊಂಡ ಗೆಳೆಯರಿಗೆ ಇದೋ ಉತ್ತರ.

ಹಿಂದೆ ಈ ಜೋಡಿಸುವ ಕೆಲಸವನ್ನು ಮನುಷ್ಯರು ದೊಡ್ಡ ಯಂತ್ರಗಳ ಮುಂದೆ ಕೂತು ಮಾಡುತ್ತಿದ್ದರು. ಒಂದು ಫೋಟೋದಲ್ಲಿರುವ ಚುಕ್ಕೆಯೇ ಇನ್ನೊಂದರಲ್ಲೂ ಇದೆ ಎಂದು ಕಂಪ್ಯೂಟರಿಗೆ ತಾನಾಗಿ ತಿಳಿಯುವುದು ಕಷ್ಟವಾಗಿತ್ತು. ಬೆಳಕು ಬದಲಾದರೆ, ಕ್ಯಾಮೆರಾ ಓರೆಯಾದರೆ ಅದು ಕಂಗಾಲು. 1999ರಲ್ಲಿ ಡೇವಿಡ್ ಲೋ ಎಂಬ ಕೆನಡಾದ ಪ್ರಾಧ್ಯಾಪಕ ಇದಕ್ಕೊಂದು ದಾರಿ ತೋರಿಸಿದರು. 2006ರಲ್ಲಿ ಅಮೆರಿಕೆಯ ನೋವಾ ಸ್ನೇವ್ಲಿ ಮತ್ತು ಸಂಗಡಿಗರು ಪ್ರವಾಸಿಗರು ಬೇರೆ ಬೇರೆ ಕ್ಯಾಮೆರಾಗಳಲ್ಲಿ, ಬೇರೆ ಬೇರೆ ದಿನ ತೆಗೆದು ಹಂಚಿಕೊಂಡಿದ್ದ ಪ್ಯಾರಿಸ್ಸಿನ ನೋತ್ರ್‌ದಾಮ್ ಚರ್ಚಿನ ಫೋಟೋಗಳನ್ನೆಲ್ಲ ಕೂಡಿಸಿ ಅದರ ಮೂರು ಆಯಾಮದ ರೂಪ ಕಟ್ಟಿದರು. ಅಳತೆಗೆಂದು ತೆಗೆಯದ ಫೋಟೋಗಳಿಂದಲೂ ಅಳತೆ ಬರುತ್ತದೆ ಎಂದು ಅಲ್ಲಿಗೆ ಗೊತ್ತಾಯಿತು. ನನ್ನ ಸ್ವಾರ್ಥ ಎಂದೆನಲ್ಲ, ಅದರ ಬೇರು ಇಲ್ಲಿದೆ.

ಬಂಡೆಯ ಹೊರಮೈ ಹೀಗೆ ಲಕ್ಷಾಂತರ ಚುಕ್ಕೆಗಳಾಗಿ ಕಂಪ್ಯೂಟರಿನೊಳಗೆ ಬರುತ್ತದೆ. ಇದು ಅರ್ಧ ಕೆಲಸ. ಭೂಗರ್ಭ ಮಾದರಿಗೆ ಬೇಕಾದದ್ದು ಹೊರಮೈಯಲ್ಲ, ಒಳಗಿನದು. ಹೊಲದಲ್ಲಿ ಮೂರು ಕಡೆ ಬಾವಿ ತೋಡಿದಿರಿ ಎಂದುಕೊಳ್ಳಿ. ಒಂದರಲ್ಲಿ 20 ಅಡಿಗೆ ಕಲ್ಲು ಹತ್ತಿತು, ಇನ್ನೊಂದರಲ್ಲಿ 30ಕ್ಕೆ, ಮತ್ತೊಂದರಲ್ಲಿ 45ಕ್ಕೆ. ನಾಲ್ಕನೆಯ ಬಾವಿಯಲ್ಲಿ ಎಷ್ಟಕ್ಕೆ ಹತ್ತಬಹುದು? ಅನುಭವಿ ಬಾವಿ ಕೆಲಸದವರು ಅಂದಾಜು ಹೇಳುತ್ತಾರೆ. ಸಾಫ್ಟ್‌ವೇರ್ ಕೂಡ ಅದನ್ನೇ ಮಾಡುತ್ತದೆ. ಗೂಟಗಳ ಮೇಲೆ ತಾಡಪತ್ರಿ ಎಳೆದು ಕಟ್ಟಿದಂತೆ, ಗೊತ್ತಿರುವ ಬಿಂದುಗಳ ಮೇಲೆ ಒಂದು ನಯವಾದ ಮೈಯನ್ನು ಎಳೆಯುತ್ತದೆ. ಈ ಎಳೆಯುವ ಗಣಿತಕ್ಕೂ ಒಂದು ಇತಿಹಾಸವಿದೆ. 1971ರಲ್ಲಿ ಹಾರ್ಡಿ ಎಂಬ ಅಮೆರಿಕದ ಇಂಜಿನಿಯರ್ ಗುಡ್ಡಗಾಡಿನ ಏರಿಳಿತ ತೋರಿಸಲು ಅದನ್ನು ಬಳಸಿದ. 1990ರ ದಶಕದಲ್ಲಿ ನ್ಯೂಝಿಲೆಂಡಿನವರು ತಲೆಬುರುಡೆಯಲ್ಲಿ ತೂತಾದ ರೋಗಿಗಳಿಗೆ ಸರಿಯಾಗಿ ಕೂರುವ ತಟ್ಟೆ ಮಾಡಲು ಅದನ್ನೇ ಬಳಸಿದರು. ಆಮೇಲೆ 2000ರ ದಶಕದಲ್ಲಿ ಅಲ್ಲಿಂದಲೇ 'ಲೀಪ್‌ಫ್ರಾಗ್' ಎಂಬ ಭೂಗರ್ಭ ಸಾಫ್ಟ್‌ವೇರ್ ಬಂತು. ಗುಡ್ಡದಿಂದ ಬುರುಡೆಗೆ, ಬುರುಡೆಯಿಂದ ಮತ್ತೆ ಗುಡ್ಡಕ್ಕೆ!

ಬಾವಿ, ಬೋರ್‌ವೆಲ್ ಇಲ್ಲದ ಕಡೆ ಬಂಡೆಗೋಡೆಯೇ ತೆರೆದ ಬಾವಿ. ಅದರ ಮೇಲೆ ಪದರದ ಗೆರೆಗಳು ಕಾಣುತ್ತವೆ. ಒಂದೇ ಪದರದ ಮೇಲೆ, ಒಂದೇ ಸಾಲಿನಲ್ಲಿಲ್ಲದ ಮೂರು ಬಿಂದು ಗುರುತಿಸಿದರೆ ಒಂದು ಸಮತಲ ಗೊತ್ತಾಯಿತು, ವಾಟ ಸಿಕ್ಕಿತು. ವಾಟದ ದಿಕ್ಕಿನಲ್ಲಿ 10 ಮೀಟರ್ ಹೋಗುವಷ್ಟರಲ್ಲಿ ಪದರ 3 ಮೀಟರ್ ಇಳಿದಿದ್ದರೆ ಟ್ಯಾನ್ ಬೆಲೆ 0.3, ಓರೆ ಸುಮಾರು 17 ಡಿಗ್ರಿ. ಬಂಡೆ ಹತ್ತಬೇಕಾಗಿಲ್ಲ.

ಹತ್ತಬೇಕಾಗಿಲ್ಲ ಎಂಬುದು ಸಣ್ಣ ಮಾತಲ್ಲ. ನಮ್ಮ ಬಂಧುಗಳೊಬ್ಬರು ಬೇರೆ ಊರಿನ ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದರು. ಒಂದು ಮಳೆಗಾಲದ ಬೆಳಿಗ್ಗೆ ಎದುರುಗೋಡೆಯಿಂದ ಹಲಗೆಯಂಥ ಕಲ್ಲು ಜಾರಿ ಬಂದು ಅವರ ಎಡಗಾಲು ಹೋಯಿತು. 'ಕಲ್ಲು ತಾನಾಗಿ ಬಿತ್ತು, ಹಣೇಬರಹ' ಎಂದೇ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಕಲ್ಲು ತಾನಾಗಿ ಬೀಳುವುದಿಲ್ಲ. ಬಿರುಕಿನ ವಾಟ ಖಣಿಯ ಬಯಲಿನ ಕಡೆಗಿದ್ದು, ಆ ಓರೆ ಕಲ್ಲಿನ ಮೇಲೆ ಕಲ್ಲು ಜಾರುವಷ್ಟಿದ್ದರೆ, ಅದರ ಕೆಳತುದಿ ಗೋಡೆಯ ಮೇಲೆ ತೆರೆದುಕೊಂಡಿದ್ದರೆ, ಆ ಬಂಡೆ ಬೀಳಲು ದಿನ ಎಣಿಸುತ್ತಿದೆ ಎಂದೇ ಅರ್ಥ. ಹಲಗೆಯ ಮೇಲೆ ಇಟ್ಟಿಗೆ ಇಟ್ಟು ಒಂದು ತುದಿ ಎತ್ತುತ್ತಾ ಹೋಗಿ, ಒಂದು ಹಂತದಲ್ಲಿ ಅದು ಜಾರುತ್ತದಲ್ಲ, ಅಷ್ಟೇ. ಒಣ ಕಲ್ಲಿನ ಬಿರುಕುಗಳಿಗೆ ಆ ಹಂತ ಬಹಳ ಕಡೆ 30 ಡಿಗ್ರಿಯ ಆಸುಪಾಸು. ಮಳೆನೀರು ಬಿರುಕಿಗೆ ಇಳಿದರೆ ಅದಕ್ಕೂ ಮೊದಲೇ. ಬಿರುಕಿನ ವಾಟ ದೂರದಿಂದ ಫೋಟೋದಲ್ಲಿ ಅಳೆಯಲು ಬರುವಾಗ, ಅದನ್ನು ನೋಡಲು ಒಬ್ಬ ಮನುಷ್ಯ ಅದೇ ಬಂಡೆಯ ಕೆಳಗೆ ಹೋಗಿ ನಿಲ್ಲಬೇಕಾಗಿಲ್ಲ. ಮೈಡೆನ್‌ಬಾವರ್ ಚರ್ಚಿನ ಗೋಡೆಯ ಮೇಲೆ ಯೋಚಿಸಿದ್ದೂ ಇದನ್ನೇ. ನಮ್ಮ ರಾಜ್ಯದಲ್ಲೇ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಶುರುವಾದದ್ದು ಇಂಥ ಪ್ರಶ್ನೆಗಳಿಗಾಗಿಯೇ. ದೊಡ್ಡ ಗಣಿ, ಸುರಂಗ, ಅಣೆಕಟ್ಟುಗಳಿಗೆ ಈ ವಿದ್ಯೆ ತಲುಪಿದೆ. ಸಣ್ಣ ಖಣಿಗಳಿಗೆ ಇನ್ನೂ ಬರಬೇಕು.

ಇನ್ನು ನಮ್ಮ ಬಂಡೆಯ ಕಥೆ. ಕಳೆದ ದೀಪಾವಳಿ ರಜೆಯಲ್ಲಿ, ಭೂಗರ್ಭಶಾಸ್ತ್ರ ಓದಿದ ಒಬ್ಬ ಗೆಳೆಯನನ್ನು ಕರೆದುಕೊಂಡು ಸವದತ್ತಿ ಗುಡ್ಡಸಾಲಿನ ಅಂಚಿನಲ್ಲಿ, ರಸ್ತೆಯಿಂದ ಸ್ವಲ್ಪ ಒಳಗಿರುವ ಒಂದು ಬಂಡೆಗೋಡೆಗೆ ಹೋದೆ. ನವಿಲುತೀರ್ಥದ ಕಣಿವೆಗೇ ಹೋಗುವ ಆಸೆಯಿತ್ತು. ಆದರೆ ಅಣೆಕಟ್ಟಿನ ಜಾಗದಲ್ಲಿ ಹಾಗೆ ಕ್ಯಾಮೆರಾ ಹಿಡಿದು ಅಡ್ಡಾಡುವುದು ಸರಿಯಲ್ಲ, ಬಿಟ್ಟೆವು. ಎರಡು ಮೀಟರ್ ಉದ್ದದ ಒಂದು ಕೋಲಿಗೆ ಕೆಂಪು ಬಿಳಿ ಪಟ್ಟಿ ಬಳಿದು ಬಂಡೆಯ ಬುಡಕ್ಕೆ ಆನಿಸಿ ನಿಲ್ಲಿಸಿದೆವು. ಅದು ನಮ್ಮ ಅಳತೆ. ಮೊಬೈಲಿನ ಜಿಪಿಎಸ್ ಕೆಲವು ಮೀಟರಿನಷ್ಟು ಆಚೀಚೆ ಹೇಳುತ್ತದೆ, ಅದನ್ನು ನಂಬಿ ಗೋಡೆಯ ಎತ್ತರ ಲೆಕ್ಕ ಹಾಕಿದರೆ ಕೆಟ್ಟಿತು. ಉತ್ತರ ಯಾವ ಕಡೆ ಎಂದು ಗೆಳೆಯ ತನ್ನ ದಿಕ್ಸೂಚಿಯಿಂದ ನೋಡಿ ಬರೆದುಕೊಂಡ. ಮೋಡ ಮುಸುಕಿದ ಹೊತ್ತು ಕಾದು, ಒಂದೊಂದು ಹೆಜ್ಜೆ ಸರಿಯುತ್ತಾ, ಹಿಂದಿನ ಚಿತ್ರದ ಮುಕ್ಕಾಲು ಭಾಗ ಮುಂದಿನದರಲ್ಲೂ ಬರುವಂತೆ ಮೊಬೈಲಿನಲ್ಲೇ ಫೋಟೋ ತೆಗೆದೆವು. ಒಟ್ಟು 140. ಕುರಿ ಮೇಯಿಸಲು ಬಂದ ಹಿರಿಯರು ಸ್ವಲ್ಪ ಹೊತ್ತು ನೋಡಿ, 'ಅದ ಕಲ್ಲ ಎಷ್ಟ ಸಲ ತಗೀತೀರೋ ತಮ್ಮಾ, ಅದೇನ್ ಓಡಿ ಹೋಗ್ತೈತೇನ?' ಎಂದರು.

ರಾತ್ರಿ ಊರಲ್ಲೇ ಲ್ಯಾಪ್‌ಟಾಪಿನಲ್ಲಿ ಹಾಕಿ ಬಿಟ್ಟೆ. ಎರಡು ಸಲ ಕರೆಂಟ್ ಹೋಯಿತು. ಬೆಳಗಾಗುವಷ್ಟರಲ್ಲಿ ಬಂಡೆ ಪರದೆಯ ಮೇಲಿತ್ತು. ತಿರುಗಿಸಿದರೆ ತಿರುಗುತ್ತಿತ್ತು. ಹಾಸುಗಳ ಅಂಚು, ಬಿರುಕು, ಒಂದು ಹೂವಿಲ್ಲದ ಕಳ್ಳಿ ಗಿಡ, ಎಲ್ಲವೂ. ಬಂಡೆಯ ಎಡಭಾಗದಲ್ಲಿ ಮೇಲಿಂದ ಕೆಳಗೆ ಓರೆಯಾಗಿ ಇಳಿದ ಕಪ್ಪು ಪಟ್ಟೆಯೊಂದು ಎದ್ದು ಕಾಣುತ್ತಿತ್ತು. ಸಾಫ್ಟ್‌ವೇರಿಗೆ ಅದು ಬಹಳ ಸ್ಪಷ್ಟವಾದ ಗೆರೆ. ಗೆಳೆಯ ಪರದೆಯನ್ನು ನೋಡಿ ನಕ್ಕ. 'ಇದು ಪದರಲ್ಲೋ, ಮಳೆನೀರು ಇಳಿದ ಕಲೆ. ಪದರ ಬೇಕಾದ್ರ ಅಲೆಗೀರು ಇರೋ ಹಾಸು ಹಿಡಿ' ಎಂದ. ಅವನು ಹಿಂದಿನ ದಿನ ಕಲ್ಲಿಗೆ ಕೈಯಾಡಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ. ಕಂಪ್ಯೂಟರಿಗೆ ಕಾಣುವುದು ಬಣ್ಣ ಮತ್ತು ಆಕಾರ. ಕಲ್ಲು ಯಾವುದು, ಕಲೆ ಯಾವುದು, ಪಾಚಿ ಯಾವುದು ಎಂಬುದು ಮುಟ್ಟಿದವನಿಗೇ ಗೊತ್ತು. 150 ವರ್ಷದ ನಂತರವೂ ಫೂಟ್ ಅವರ ಸುತ್ತಿಗೆಯ ಕೆಲಸ ಮುಗಿದಿಲ್ಲ. ಸಾಫ್ಟ್‌ವೇರ್ ಬರೆಯುವವನಾದ ನಾನೇ ಇದನ್ನು ಹೇಳಿದರೆ ನನ್ನ ಆಫೀಸಿನವರು ಒಪ್ಪುವರೋ ಇಲ್ಲವೋ!

ನಾವು ಗುರುತಿಸಿದ ಹಾಸುಗಳಿಂದ ಪದರದ ವಾಟ ಬಂತು. ಜೊತೆಗೆ ಗೋಡೆಯಲ್ಲಿ ಎರಡು ಬಗೆಯ ಬಿರುಕುಗಳು, ಒಂದಕ್ಕೊಂದು ಹೆಚ್ಚು ಕಡಿಮೆ ಅಡ್ಡವಾಗಿ, ಕಡಿದಾಗಿ ನಿಂತಿರುವುದು ತಿಳಿಯಿತು. ಈ ಬಿರುಕುಗಳ ದಿಕ್ಕು ಯಾಕೆ ಬೇಕು ಎಂದರೆ, ಅದಕ್ಕೆ ನವಿಲುತೀರ್ಥ ಕಾರಣ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಬಯಲು ನಾಡಿನಲ್ಲಿ ಹರಿದು ಬಂದು, ಸವದತ್ತಿಯ ಹತ್ತಿರ ಗಟ್ಟಿ ಬೆಣಚುಗಲ್ಲಿನ ಗುಡ್ಡಸಾಲಿಗೆ ಎದುರಾಗುತ್ತದೆ. ಸುತ್ತಿ ಹೋಗದೆ ಗುಡ್ಡವನ್ನೇ ಸೀಳಿಕೊಂಡು ಹೋಗಿದೆ. ನವಿಲನ್ನೂ ನದಿಯನ್ನೂ ಸೇರಿಸಿ ಹೇಳುವ ಕಥೆ ಹಿರಿಯರಿಂದ ಕೇಳಿದ್ದೇವೆ. ನದಿ ಮೊದಲೇ ಇದ್ದ ಬಿರುಕುಗಳ ದಾರಿ ಹಿಡಿದು ಕೊರೆಯಿತೇ, ಅಥವಾ ಮೇಲಿನಿಂದ ತನ್ನದೇ ಹಾದಿಯಲ್ಲಿ ಕೊರೆಯುತ್ತಾ ಇಳಿಯಿತೇ ಎಂಬುದು ಕಲ್ಲಿಗೆ ಕೇಳಬೇಕಾದ ಪ್ರಶ್ನೆ. ಬಿರುಕುಗಳ ದಿಕ್ಕೂ ಕಣಿವೆಯ ದಿಕ್ಕೂ ಒಂದೇ ಆಗಿದ್ದರೆ ಮೊದಲನೆಯ ಉತ್ತರಕ್ಕೆ ಬಲ ಬರುತ್ತದೆ. ಆದರೆ ದೂರದ ಒಂದು ಸಣ್ಣ ಗೋಡೆಯ ಸಾಕ್ಷಿಯಿಂದ ಅಷ್ಟು ದೊಡ್ಡ ಕಣಿವೆಯ ತೀರ್ಪು ಕೊಡಲಾಗದು. ಕಣಿವೆಯ ಗೋಡೆಗಳೇ ಸಾಕ್ಷಿ ಹೇಳಬೇಕು.

ತೊಡಕು ಇರುವುದು ಅಲ್ಲಿ. 1972ರಲ್ಲಿ ಅಣೆಕಟ್ಟು ಮುಗಿಯಿತು. ನಮ್ಮ ಶಾಲೆಯ ಓರಗೆಯದೇ ಅನ್ನಿ. 37 ಟಿಎಂಸಿಗೂ ಹೆಚ್ಚು ನೀರು ಹಿಡಿಯುವ ರೇಣುಕಾ ಸಾಗರದಿಂದ ಎಷ್ಟೋ ಹೊಲಗಳಿಗೆ ನೀರು ಬಂತು, ಎಷ್ಟೋ ಊರುಗಳಿಗೆ ಕುಡಿಯುವ ನೀರಾಯಿತು. ಹಾಗೆಯೇ ಎಷ್ಟೋ ಭೂಮಿ ಮುಳುಗಿತು. ಅದರ ಜೊತೆಗೆ ಕಣಿವೆಯ ಕಲ್ಲಿನ ಒಂದು ಭಾಗವೂ ಕಾಂಕ್ರೀಟು ಮತ್ತು ನೀರಿನ ಹಿಂದೆ ಸರಿಯಿತು. ಆ ಭಾಗವನ್ನು ಈಗ 140 ಸಲ ಅಲ್ಲ, ಒಂದು ಸಲವೂ ಫೋಟೋ ತೆಗೆಯಲಾಗದು. ಕುರಿ ಕಾಯುವ ಹಿರಿಯರಿಗೆ ಅಂದು ನಾನು ಉತ್ತರ ಕೊಡಲಿಲ್ಲ. ಕಲ್ಲು ಓಡಿ ಹೋಗುವುದಿಲ್ಲ ನಿಜ, ಆದರೆ ಮುಳುಗುತ್ತದೆ, ಖಣಿಯವರ ಲಾರಿ ಹತ್ತುತ್ತದೆ, ರಸ್ತೆ ಅಗಲ ಮಾಡುವಾಗ ಹೋಗುತ್ತದೆ.

ಹಾಗಾದರೆ ಉಳಿದದ್ದೇನು? ಹಳೆಯ ಬರಹಗಳು, ಹಿರಿಯರ ನೆನಪು, ಮತ್ತು ಹಳೆಯ ಫೋಟೋಗಳು. ಈ ಕಡೆಯದರಲ್ಲಿ ನನಗೆ ಬಹಳ ಆಸೆ. ಒಂದೇ ಒಂದು ಹಳೆಯ ಫೋಟೋದಿಂದ ಆಳ ತಿಳಿಯುವುದಿಲ್ಲ, ಒಂದು ಕಣ್ಣಿನವನ ಹಾಗೆ. ಆದರೆ ಬಂಡೆಯ ಇಂದಿನ ಆಕಾರ ಕಂಪ್ಯೂಟರಿನಲ್ಲಿದ್ದರೆ, ಹಳೆಯ ಫೋಟೋದಲ್ಲೂ ಇಂದಿನ ಆಕಾರದಲ್ಲೂ ಕಾಣುವ ಕೆಲವು ಬಿಂದುಗಳನ್ನು, ಒಂದು ಬಿರುಕಿನ ತುದಿ, ಒಂದು ಚಾಚಿದ ಮೂಲೆ, ಜೋಡಿಸಿ ಫೋಟೋವನ್ನು ಅದರ ಮೇಲೆ ಹೊದಿಸಬಹುದು. ಆರೇಳು ಬಿಂದು ಚೆನ್ನಾಗಿ ಸಿಕ್ಕರೆ, ಆ ಫೋಟೋ ತೆಗೆದವರು ಎಲ್ಲಿ ನಿಂತಿದ್ದರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಆಗ ಇಂದು ಇಲ್ಲದ ಕಲ್ಲು ಅಂದು ಎಲ್ಲಿತ್ತು ಎಂದು ತಿಳಿಯುತ್ತದೆ. ಒಂದೇ ಜಾಗದ ಎರಡು ಮೂರು ಹಳೆಯ ಫೋಟೋ, ಬೇರೆ ಬೇರೆ ಮನೆಯವರವು, ಬೇರೆ ಬೇರೆ ಕಡೆ ನಿಂತು ತೆಗೆದವು ಸಿಕ್ಕರಂತೂ ಹೋದ ಕಲ್ಲಿನ ಆಳವೂ ಸಿಗಬಹುದು. ಪ್ಯಾರಿಸ್ಸಿನ ಚರ್ಚಿಗೆ ಆದದ್ದು ನಮ್ಮ ಬಂಡೆಗೆ ಯಾಕೆ ಆಗಬಾರದು?

ಇಂಥ ಫೋಟೋಗಳು ನಮ್ಮ ಮನೆಗಳಲ್ಲೇ ಇವೆ. ಶಾಲೆಯ ಪ್ರವಾಸ ಎಂದರೆ ನಮ್ಮ ಕಡೆ ನವಿಲುತೀರ್ಥ, ಗೋಕಾಕ ಫಾಲ್ಸ್, ಬಾದಾಮಿ. ಎಲ್ಲ ಪ್ರವಾಸಗಳಲ್ಲೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಂದು ಗುಂಪು ಫೋಟೋ. ಹಿಂದೆ ಯಾವಾಗಲೂ ಒಂದು ಬಂಡೆ. ಗೋಕಾಕದಲ್ಲಿ ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುವ ಕಲ್ಲಿನ ಗೋಡೆಯನ್ನು ನಮ್ಮ ಶಾಲೆಯ ಎಷ್ಟು ಬ್ಯಾಚುಗಳ ತಲೆಗಳು ಅರ್ಧ ಮುಚ್ಚಿವೆಯೋ! ಶಾಲೆಗಿಂತ ಹಿರಿಯರಾದವರ ಮನೆಗಳಲ್ಲಿ 1972ಕ್ಕಿಂತ ಹಿಂದಿನ, ಅಣೆಕಟ್ಟು ಇಲ್ಲದ ಕಣಿವೆಯ ಫೋಟೋ ಇದ್ದರೂ ಇರಬಹುದು. ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಗೆ ಹೋದವರು, ಮದುವೆಯಾದ ಹೊಸದರಲ್ಲಿ ನದಿ ನೋಡಲು ಹೋದವರು ತೆಗೆಸಿಕೊಂಡದ್ದು.

ನನ್ನ ಸ್ವಾರ್ಥ ಇದೇ. ಈ ಸಂಪುಟಕ್ಕಾಗಿ ಹಳೆಯ ಫೋಟೋಗಳನ್ನು ಒಟ್ಟು ಮಾಡಲಾಗುತ್ತಿದೆ. ಅಚ್ಚಿಗೆ ಚೆಂದ ಕಾಣಲೆಂದು ಮುಖಗಳಷ್ಟನ್ನೇ ಉಳಿಸಿ ಸುತ್ತಲಿನದನ್ನು ಕತ್ತರಿಸುವುದು ವಾಡಿಕೆ. ಅಚ್ಚಿಗೆ ಬೇಕಾದರೆ ಹಾಗೆ ಮಾಡಿ, ಆದರೆ ಮೊದಲು ಇಡೀ ಫೋಟೋವನ್ನು ಅಂಚಿನಿಂದ ಅಂಚಿಗೆ ಸ್ಕ್ಯಾನ್ ಮಾಡಿಸಿ ಒಂದು ಪ್ರತಿ ಶಾಲೆಯ ಕಂಪ್ಯೂಟರಿನಲ್ಲಿ ಇಡಿ. ನೆಗೆಟಿವ್ ಇದ್ದರೆ ಎಸೆಯಬೇಡಿ, ಪ್ರಿಂಟಿಗಿಂತ ಅದೇ ಒಳ್ಳೆಯದು. ಆಲ್ಬಮ್ಮಿನ ಫೋಟೋದ ಮೇಲೆ ಮೊಬೈಲ್ ಹಿಡಿದು ಓರೆಯಾಗಿ ತೆಗೆದು ವಾಟ್ಸಪ್ಪಿನಲ್ಲಿ ಕಳಿಸಿದರೆ ಅಳತೆಗೆ ಉಪಯೋಗವಿಲ್ಲ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಜಾಗದ ಹೆಸರು, ವರ್ಷ, ಸಾಧ್ಯವಾದರೆ ತಿಂಗಳು, ಯಾವ ಕಡೆ ಮುಖ ಮಾಡಿ ತೆಗೆದದ್ದು ಎಂದು ಬರೆಯಿರಿ. ಬೆಳಗಿನ ಹೊತ್ತೋ ಸಂಜೆಯೋ ನೆನಪಿದ್ದರೆ ನೆರಳಿನಿಂದ ದಿಕ್ಕು ಹುಡುಕಬಹುದು. ಈಗಿನ ಒಂಬತ್ತನೆಯ, ಹತ್ತನೆಯ ತರಗತಿಯ ಮಕ್ಕಳು ಬಯಸಿದರೆ ಬೇಸಿಗೆ ರಜೆಯಲ್ಲಿ ನಾನು ಬಂದು, ಹಣ ಕೊಡಬೇಕಾಗಿಲ್ಲದ 'ಕ್ಲೌಡ್‌ಕಂಪೇರ್', 'ಮೆಶ್‌ರೂಮ್'ನಂಥ ಸಾಫ್ಟ್‌ವೇರುಗಳಲ್ಲಿ ಈ ಕೆಲಸ ತೋರಿಸಿಕೊಡುತ್ತೇನೆ. ಗುರುಗಳಿಗೆ ಆಗಲೇ ಹೇಳಿದ್ದೇನೆ.

ಫೋಟೋದಲ್ಲಿ ಅಳತೆಗೋಲು ಇರುವುದಿಲ್ಲ ನಿಜ. ಆದರೆ ಬಂಡೆಗೆ ಬೆನ್ನು ಹಚ್ಚಿ ಮನುಷ್ಯರು ನಿಂತಿದ್ದಾರಲ್ಲ. ಅವರಲ್ಲಿ ಒಬ್ಬರ ಎತ್ತರ ಗೊತ್ತಿದ್ದರೂ ಸುಮಾರು ಅಳತೆ ಹತ್ತುತ್ತದೆ. ಮಕ್ಕಳ ಎತ್ತರ ಹೇಳುವುದು ಕಷ್ಟ, ಅವರು ಬೆಳೆದುಬಿಟ್ಟಿದ್ದಾರೆ. ಸಾಲಿನ ತುದಿಯಲ್ಲಿ ಸೀಟಿ ಕೊರಳಿಗೆ ಹಾಕಿಕೊಂಡು ನಿಂತ ಪಿ.ಟಿ. ಮಾಸ್ತರರ ಎತ್ತರ ಯಾರಿಗಾದರೂ ನೆನಪಿದ್ದರೆ ದಯವಿಟ್ಟು ಅದನ್ನೂ ಬರೆಯಿರಿ.